ಚಿಟ್ಟೆ ಕೆಸರಿನಿಂದ ಹುಟ್ಟುತ್ತದೆಯೇ? ಹುಳು ಸಾಕಿ ಉತ್ತರ ಹುಡುಕಿದ ಮರಿಯಾ ಮೇರಿಯನ್

ಕರಿಬೇವಿನ ಗಿಡದಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಸಿಕ್ಕರೆ ನಾವು ಕೂಡಲೇ ಔಷಧಿ ಹೊಡೆಯುತ್ತೇವೆ. ಅದೇ ಹುಳು ಮುಂದೆ ಚಿಟ್ಟೆಯಾಗುತ್ತದೆ ಎಂದು ಇವತ್ತು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ 350 ವರ್ಷಗಳ ಹಿಂದೆ ಯುರೋಪಿನ ಬಹಳ ಮಂದಿ, ಹುಳುಗಳು ಕೆಸರಿನಿಂದ, ಕೊಳೆತ ವಸ್ತುವಿನಿಂದ ತಾವಾಗಿಯೇ ಹುಟ್ಟುತ್ತವೆ ಎಂದು ನಂಬಿದ್ದರು. ಆ ನಂಬಿಕೆ ಸಡಿಲವಾಗಲು ನೆರವಾದವರಲ್ಲಿ ಮರಿಯಾ ಸಿಬಿಲ್ಲಾ ಮೇರಿಯನ್ ಒಬ್ಬರು.

1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಅವರಿಗೆ ಮಲತಂದೆಯೇ ಚಿತ್ರಕಲೆ ಕಲಿಸಿದರು. 13ನೇ ವಯಸ್ಸಿಗೆ ರೇಷ್ಮೆ ಹುಳು ಸಾಕಿದರು. ಹಿಪ್ಪುನೇರಳೆ ಸೊಪ್ಪು ತಿಂದ ಹುಳು ಗೂಡು ಕಟ್ಟಿ ಪತಂಗವಾಗುವುದು ನಮ್ಮ ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಹೊಸದೇನಲ್ಲ. ಮರಿಯಾ ಅಲ್ಲಿಗೇ ನಿಲ್ಲದೆ ಸಿಕ್ಕ ಸಿಕ್ಕ ಹುಳುಗಳನ್ನೆಲ್ಲ ತಂದು ಸಾಕತೊಡಗಿದರು.

ಸಾಕಿದವರಿಗೆ ಮಾತ್ರ ಗೊತ್ತಾಗುವ ಸಂಗತಿ ಒಂದಿದೆ: ಎಷ್ಟೋ ಹುಳುಗಳು ತಮ್ಮ ಗಿಡದ ಎಲೆ ಸಿಗದಿದ್ದರೆ ಹಸಿದು ಸಾಯುತ್ತವೆಯೇ ಹೊರತು ಬೇರೆ ಎಲೆಗೆ ಬಾಯಿ ಹಾಕುವುದಿಲ್ಲ. ಯುರೋಪಿನಲ್ಲಿ ರೆಕ್ಕೆಯ ಮೇಲೆ ನವಿಲುಗಣ್ಣಿರುವ ಚಿಟ್ಟೆಯೊಂದಿದೆ. ಅದರ ಮರಿಹುಳು ನಾವು ಮುಟ್ಟಲೂ ಹೆದರುವಂಥ ತುರಿಕೆ ಗಿಡ ತಿಂದೇ ಬೆಳೆಯುತ್ತದೆ. ಹಾಗಾಗಿ 1679ರ ಪುಸ್ತಕದಲ್ಲಿ ಮರಿಯಾ ಹುಳು, ಕೋಶ, ಚಿಟ್ಟೆಗಳನ್ನು ಅವು ತಿನ್ನುವ ಗಿಡದ ಜೊತೆಗೇ ಒಂದೇ ಚಿತ್ರದಲ್ಲಿ ಬಿಡಿಸಿದರು. ಗಿಡವನ್ನು ಬರೀ ಅಂದಕ್ಕೆ ಬರೆದದ್ದಲ್ಲ. ಕೆಲವು ಹುಳುಗಳಿಂದ ಚಿಟ್ಟೆಯ ಬದಲು ನೊಣದಂಥ ಕೀಟಗಳು ಹೊರಬಂದದ್ದನ್ನೂ ಮುಚ್ಚಿಡದೆ ದಾಖಲಿಸಿದರು. ಅವು ಹುಳುವಿನ ಮೈಯೊಳಗೆ ಬೆಳೆಯುವ ಪರಾವಲಂಬಿಗಳು ಎಂದು ನಮಗೆ ಈಗ ಗೊತ್ತು.

ಗಂಡನಿಂದ ದೂರವಾಗಿದ್ದ ಮರಿಯಾ 1699ರಲ್ಲಿ, 52ನೇ ವಯಸ್ಸಿನಲ್ಲಿ, ಕಿರಿಯ ಮಗಳೊಂದಿಗೆ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗು ಹತ್ತಿದರು. ಅದು ಡಚ್ಚರ ವಸಾಹತು. ಸಕ್ಕರೆ ಬಿಟ್ಟು ಬೇರೇನನ್ನೋ ಹುಡುಕುವ ಈ ಹೆಂಗಸನ್ನು ಅಲ್ಲಿನ ತೋಟದ ಮಾಲೀಕರು ಆಡಿಕೊಂಡರು. ಗಿಡ, ಹುಳುಗಳ ಬಗ್ಗೆ ತಿಳಿಸಿಕೊಟ್ಟವರು ಮೂಲನಿವಾಸಿಗಳು ಮತ್ತು ಗುಲಾಮರು. ನಮ್ಮ ಅಂಗಳದ ರತ್ನಗಂಧಿ ಅಲ್ಲಿಯೂ ಇತ್ತು. ಹುಟ್ಟುವ ಮಕ್ಕಳೂ ಗುಲಾಮರಾಗಬಾರದೆಂದು ಹೆಂಗಸರು ಅದರ ಬೀಜ ತಿಂದು ಗರ್ಭ ಕಳೆದುಕೊಳ್ಳುತ್ತಿದ್ದುದನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟರು. (ಇದು ಚರಿತ್ರೆ, ಮನೆಮದ್ದಲ್ಲ, ದಯವಿಟ್ಟು ಹಾಗೆಂದು ಫಾರ್ವರ್ಡ್ ಮಾಡಬೇಡಿ.)

ಕಾಯಿಲೆ ಬಿದ್ದು 1701ರಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಮರಳಿದರು. 60 ಚಿತ್ರಗಳ ಸುರಿನಾಮ್ ಪುಸ್ತಕ 1705ರಲ್ಲಿ ಬಂತು. ಜೀವಿಗಳಿಗೆ ಹೆಸರಿಡುವಾಗ ಲಿನೇಯಸ್ ಅದನ್ನೇ ಆಧರಿಸಿದ್ದೂ ಉಂಟು. 1717ರಲ್ಲಿ ಮರಿಯಾ ತೀರಿಕೊಂಡರು. ಪುಟ್ಟ ಹಕ್ಕಿಯನ್ನು ಹಿಡಿದ ಜೇಡದ ಚಿತ್ರವೊಂದು ಆ ಪುಸ್ತಕದಲ್ಲಿತ್ತು. ಅದು ಕಟ್ಟುಕಥೆ ಎಂದು 19ನೇ ಶತಮಾನದಲ್ಲಿ ಹಲವರು ಅಣಕಿಸಿದರು. ಅಮೆಜಾನ್ ಕಾಡಿನಲ್ಲಿ ಹೆನ್ರಿ ಬೇಟ್ಸ್ ಅಂಥ ಜೇಡವನ್ನು ಕಣ್ಣಾರೆ ಕಂಡು 1863ರಲ್ಲಿ ಪ್ರಕಟಿಸಿದರು.