ಚುಕ್ಕೆ ಗೆರೆ ಎಳೆದ ಬಟ್ಟೆ ವ್ಯಾಪಾರಿ

ಜೀವಂತ ಕೋಶವನ್ನು ಮೊದಲು ಕಂಡು ವಿವರಿಸಿದವರು ಆಂಟನಿ ವಾನ್ ಲೀವೆನ್‌ಹುಕ್. ನಮ್ಮ ಪಠ್ಯದಲ್ಲಿ ಅವರ ಬಗ್ಗೆ ಇರುವುದು ಇಷ್ಟೇ, ಒಂದು ಸಾಲು. ನನಗೆ ಮಾತ್ರ ಅವರು ಇಷ್ಟವಾಗುವುದು ಅವರ ಪತ್ರವೊಂದರಲ್ಲಿರುವ ಚುಕ್ಕೆ ಗೆರೆಗಾಗಿ.

1632ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದಲ್ಲಿ ಹುಟ್ಟಿದರು. ತಂದೆ ಬುಟ್ಟಿ ಹೆಣೆಯುವವರು. ಮಗ ಚಿಕ್ಕವನಿರುವಾಗಲೇ ತೀರಿಹೋದರು. 16ನೇ ವಯಸ್ಸಿಗೆ ಆಮ್‌ಸ್ಟರ್‌ಡ್ಯಾಂಗೆ ಹೋಗಿ ಬಟ್ಟೆ ವ್ಯಾಪಾರ ಕಲಿತರು, ಆಮೇಲೆ ಊರಿಗೆ ಮರಳಿ ಸ್ವಂತ ಅಂಗಡಿ ಇಟ್ಟರು. ಕಾಲೇಜು ಮೆಟ್ಟಿಲು ಹತ್ತಿದವರಲ್ಲ, ಲ್ಯಾಟಿನ್ ಬರುತ್ತಿರಲಿಲ್ಲ. ಐವರು ಮಕ್ಕಳಲ್ಲಿ ದೊಡ್ಡವಳಾಗಿ ಬದುಕಿದವಳು ಮರಿಯಾ ಒಬ್ಬಳೇ.

ಬಟ್ಟೆಯ ನೂಲು ನೋಡಲು ಆ ಕಾಲದ ವ್ಯಾಪಾರಿಗಳು ಭೂತಗನ್ನಡಿ ಬಳಸುತ್ತಿದ್ದರು. ಇವರು ಅಲ್ಲಿಗೇ ನಿಲ್ಲದೆ ತಾವೇ ಪುಟ್ಟ ಮಸೂರಗಳನ್ನು ತಯಾರಿಸತೊಡಗಿದರು. ಉಳಿದಿರುವವುಗಳಲ್ಲಿ ಅತ್ಯುತ್ತಮವಾದದ್ದು ಸುಮಾರು 270 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಕರಿಮೆಣಸು ಏಕೆ ಖಾರ ಎಂದು ತಿಳಿಯಲು ಅದನ್ನು ನೀರಲ್ಲಿ ನೆನೆಸಿಟ್ಟು ನೋಡಿದರೆ, ಕಂಡದ್ದು ಓಡಾಡುವ ಜೀವಿಗಳು! 1676ರಲ್ಲಿ ಇದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದಾಗ ಅಲ್ಲಿನವರಿಗೆ ನಂಬಿಕೆ ಬರಲಿಲ್ಲ. ಪಾದ್ರಿಗಳೂ ಸೇರಿದಂತೆ ಎಂಟು ಜನರಿಗೆ ತೋರಿಸಿ, ಅವರ ಸಾಕ್ಷಿ ಬರೆಸಿ ಕಳಿಸಬೇಕಾಯಿತು. 1677ರಲ್ಲಿ ರಾಬರ್ಟ್ ಹುಕ್ ಸ್ವತಃ ನೋಡಿ ಹೌದೆಂದರು. 1680ರಲ್ಲಿ ಬಟ್ಟೆ ವ್ಯಾಪಾರಿ ಸೊಸೈಟಿಯ ಫೆಲೋ ಆದರು.

1683ರಲ್ಲಿ ಹಲ್ಲಿನ ಮೇಲಿನ ಬಿಳಿ ಪಾಚಿಯನ್ನು ನೋಡಿ ಕಳಿಸಿದ ಚಿತ್ರದಲ್ಲೇ ಆ ಗೆರೆ ಇರುವುದು. ಒಂದು ಬ್ಯಾಕ್ಟೀರಿಯಾ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಚುಕ್ಕೆಗಳಲ್ಲಿ ಗುರುತಿಸಿದ್ದಾರೆ. ಅದು ಈಜುತ್ತಿದೆ, ಸರಿ. ಯಾವುದರಿಂದ? ದೊಡ್ಡ ಜೀವಿಗಳಲ್ಲಿ ಪುಟ್ಟ ಕಾಲುಗಳನ್ನು ವರ್ಣಿಸಿದ್ದ ಅವರಿಗೆ ಇಲ್ಲಿ ಏನೂ ಕಾಣುವಂತಿರಲಿಲ್ಲ. ಕಶಾಂಗದ ಎಳೆ ಸುಮಾರು 20 ನ್ಯಾನೋಮೀಟರ್ ದಪ್ಪ ಅಷ್ಟೆ.

ಉತ್ತರಕ್ಕೆ ಸುಮಾರು 300 ವರ್ಷ ಹಿಡಿಯಿತು. 1970ರ ದಶಕದಲ್ಲಿ ಕಶಾಂಗವನ್ನು ಗಾಜಿಗೆ ಅಂಟಿಸಿದಾಗ ಬ್ಯಾಕ್ಟೀರಿಯಾದ ಇಡೀ ದೇಹವೇ ಗಿರಗಿರನೆ ತಿರುಗಿತು. ಅದರ ಬುಡದಲ್ಲಿರುವುದು ಪ್ರೋಟಾನ್ ಹರಿವಿನಿಂದ ಓಡುವ ಮೋಟಾರು! ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು.

ಇಷ್ಟೊಂದು ಭಾಗಗಳ ಯಂತ್ರ ಒಮ್ಮೆಲೇ ಹೇಗೆ ಬಂತು ಎಂದು ನಾನೂ ತಲೆ ಕೆಡಿಸಿಕೊಂಡಿದ್ದೆ. ಒಮ್ಮೆಲೇ ಬಂದಂತಿಲ್ಲ. ಗುಜರಿ ಅಂಗಡಿಯ ಬಿಡಿಭಾಗ ಜೋಡಿಸಿ ಗಾಡಿ ಓಡಿಸುವ ಮೆಕ್ಯಾನಿಕ್‌ನ ಕೆಲಸದ ಹಾಗಿದೆ (ಆದರೆ ಇಲ್ಲಿ ಮೆಕ್ಯಾನಿಕ್ ಇಲ್ಲ, ಬದಲಾವಣೆ ಮತ್ತು ನೈಸರ್ಗಿಕ ಆಯ್ಕೆ ಇದೆ). ಮೋಟಾರಿನ ಪ್ರೋಟೀನುಗಳ ಹತ್ತಿರದ ಸಂಬಂಧಿಗಳು ಬೇರೆ ಬ್ಯಾಕ್ಟೀರಿಯಾಗಳಲ್ಲಿ ಕಬ್ಬಿಣದಂತಹ ಪೋಷಕಾಂಶ ಒಳತರಲು ದುಡಿಯುತ್ತಿವೆ. ಕಶಾಂಗದ ಭಾಗಗಳನ್ನು ಹೊರಕ್ಕೆ ಸಾಗಿಸಲು ನೆರವಾಗುವ ಕಿಣ್ವವೊಂದು, ಉಸಿರಾಟದ ಪಾಠದಲ್ಲಿ ಓದುವ ಎಟಿಪಿ ಸಿಂಥೇಸ್‌ನ ಭಾಗವನ್ನು ಹೋಲುತ್ತದೆ. ಪ್ಲೇಗ್ ತರುವ ಬ್ಯಾಕ್ಟೀರಿಯಾ ನಮ್ಮ ಕೋಶಕ್ಕೆ ಪ್ರೋಟೀನ್ ಚುಚ್ಚುವ ಸೂಜಿಯ ಬುಡವೂ ಕಶಾಂಗದ ಬುಡದ ನಂಟನೇ. ಜೀನ್‌ಗಳ ಹೋಲಿಕೆ ನೋಡಿದರೆ ಆ ಸೂಜಿ ಕಶಾಂಗದಿಂದಲೇ, ಈಜುವ ಭಾಗಗಳನ್ನು ಕಳೆದುಕೊಂಡು ಬಂದಿರುವ ಸಾಧ್ಯತೆ ಹೆಚ್ಚು. ಅಂದರೆ ಭಾಗ ಕಳೆದರೂ ಯಂತ್ರ ಗುಜರಿಯಾಗಲಿಲ್ಲ, ಬೇರೆ ಕೆಲಸ ಹಿಡಿಯಿತು.

ಲೀವೆನ್‌ಹುಕ್ ತಮ್ಮ ಮಸೂರದ ಗುಟ್ಟನ್ನು ಕೊನೆವರೆಗೂ ಬಿಟ್ಟುಕೊಡಲಿಲ್ಲ. ಈ ಜಿಪುಣತನ ನನಗೆ ಹಿಡಿಸದು. 1723ರಲ್ಲಿ, 90ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಮಗಳು ಮರಿಯಾ 26 ಸೂಕ್ಷ್ಮದರ್ಶಕಗಳಿದ್ದ ಪೆಟ್ಟಿಗೆಯನ್ನು ರಾಯಲ್ ಸೊಸೈಟಿಗೆ ಕಳಿಸಿದಳು. ಮುಂದಿನ ಶತಮಾನದಲ್ಲಿ ಆ ಪೆಟ್ಟಿಗೆ ಕಳೆದುಹೋಯಿತು.