ಮೊದಲು ತನ್ನ ಹಲ್ಲನ್ನೇ ಕೀಳಿಸಿಕೊಂಡ ಡಾಕ್ಟರ್

ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ನನ್ನ ಬುದ್ಧಿಹಲ್ಲು ಕೀಳಿಸಬೇಕಿತ್ತು. ಅದಕ್ಕೂ ಮೊದಲು ಎರಡು ಸಲ ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಎರಡೂ ಸಲ ಕ್ಲಿನಿಕ್ಕಿನ ಮೆಟ್ಟಿಲಿನಿಂದಲೇ ವಾಪಸ್ ಬಂದಿದ್ದೆ. ಡ್ರಿಲ್ಲಿನ ಸದ್ದು ಕಿವಿಗೆ ಬಿದ್ದರೆ ಸಾಕು, ಅಂಗೈ ಬೆವರುತ್ತದೆ. ಮೂರನೇ ಸಲ ಡಾಕ್ಟರ್ ಮೇಡಂ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು. ಬೇರೇನಾದರೂ ಕಾಯಿಲೆ ಇದೆಯೇ, ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಎಂದೆಲ್ಲ ವಿಚಾರಿಸಿ, ಭಯ ತಗ್ಗಿಸುವ ಒಂದು ಮಾತ್ರೆ ಬರೆದುಕೊಟ್ಟರು. ಹಲ್ಲು ಕೀಳುವ ಒಂದು ಗಂಟೆ ಮೊದಲು ನುಂಗಬೇಕು, ಜೊತೆಗೆ ಒಬ್ಬರು ಬರಲೇಬೇಕು, ಆ ದಿನ ಬೈಕ್ ಮುಟ್ಟುವಂತಿಲ್ಲ.

ಅಣ್ಣನ ಜೊತೆ ಹೋದೆ. ನಿದ್ದೆಯೇನೂ ಬರಲಿಲ್ಲ. ಎಲ್ಲವೂ ಸ್ವಲ್ಪ ದೂರದಲ್ಲಿ, ಬೇರೆ ಯಾರಿಗೋ ನಡೆಯುತ್ತಿದೆ ಅನ್ನಿಸಿತು, ಅಷ್ಟೆ. ನೋವು ತಡೆದದ್ದು ವಸಡಿಗೆ ಕೊಟ್ಟ ಇಂಜೆಕ್ಷನ್. ಎದ್ದು ಓಡದಂತೆ ಕುರ್ಚಿಯಲ್ಲಿ ಕೂರಿಸಿದ್ದು ಮಾತ್ರ ಆ ಮಾತ್ರೆ.

ಮನೆಗೆ ಬಂದು ಕೆನ್ನೆಗೆ ಐಸ್ ಒತ್ತಿಕೊಂಡು, ಇಂಥದ್ದನ್ನೆಲ್ಲ ಶುರು ಮಾಡಿದ ಪುಣ್ಯಾತ್ಮ ಯಾರು ಎಂದು ಹುಡುಕಿದಾಗ ಸಿಕ್ಕಿದ್ದು ಹೊರೇಸ್ ವೆಲ್ಸ್. 1815ರ ಜನವರಿ 21ರಂದು ಅಮೆರಿಕದ ವರ್ಮಾಂಟ್‌ನಲ್ಲಿ ಹುಟ್ಟಿದಾತ. ಇಪ್ಪತ್ತೊಂದನೇ ವಯಸ್ಸಿಗೆ, ಅಂದರೆ ಹೆಚ್ಚುಕಡಿಮೆ ನನ್ನ ವಯಸ್ಸಿಗೆ, ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಹಲ್ಲಿನ ವೈದ್ಯನಾಗಿ ಬೋರ್ಡ್ ಹಾಕಿದ್ದ. ಆಗ ಇಂಜೆಕ್ಷನ್ನೂ ಇಲ್ಲ, ಮಾತ್ರೆಯೂ ಇಲ್ಲ. ರೋಗಿಯನ್ನು ಗಟ್ಟಿಯಾಗಿ ಹಿಡಿದು ಇಕ್ಕಳ ಹಾಕಿ ಎಳೆಯುವುದಷ್ಟೇ ದಾರಿ.

1844ರ ಡಿಸೆಂಬರ್ 10ರ ಸಂಜೆ ಹಾರ್ಟ್‌ಫರ್ಡ್‌ನ ಯೂನಿಯನ್ ಹಾಲ್‌ನಲ್ಲಿ ಒಂದು ಶೋ ಇತ್ತು. ಗಾರ್ಡ್ನರ್ ಕೋಲ್ಟನ್ ಎಂಬಾತ ಜನರಿಗೆ ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್ ಕುಡಿಸಿ ಕುಣಿಸುತ್ತಿದ್ದ. ಟಿಕೆಟ್ 25 ಸೆಂಟ್. ಅನಿಲ ಕುಡಿದ ಸ್ಯಾಮ್ಯುಯೆಲ್ ಕೂಲಿ ಎಂಬ ಯುವಕ ಬೆಂಚಿಗೆ ಬಡಿದು ಕಾಲು ಗಾಯ ಮಾಡಿಕೊಂಡ. ರಕ್ತ ಬರುತ್ತಿದ್ದರೂ ಅವನಿಗೆ ಗೊತ್ತೇ ಆಗಲಿಲ್ಲ. ಸಭೆ ನಗುತ್ತಿತ್ತು, ವೆಲ್ಸ್ ಮಾತ್ರ ಆ ಕಾಲನ್ನೇ ನೋಡುತ್ತಿದ್ದ.

ಮಾರನೇ ದಿನವೇ ಕೋಲ್ಟನ್‌ನನ್ನು ಅನಿಲದ ಚೀಲದ ಸಮೇತ ಕರೆಸಿದ. ಪರೀಕ್ಷೆಗೆ ಬೇರೆಯವರನ್ನು ಹುಡುಕಲಿಲ್ಲ. ತಾನೇ ಕುರ್ಚಿಯಲ್ಲಿ ಕೂತು ಅನಿಲ ಎಳೆದುಕೊಂಡ. ಗೆಳೆಯ ಜಾನ್ ರಿಗ್ಸ್ ಅವನ ಬುದ್ಧಿಹಲ್ಲು ಕಿತ್ತ. ಎಷ್ಟು ಕೊಟ್ಟರೆ ಪ್ರಜ್ಞೆ ತಪ್ಪುತ್ತದೆ, ಎಷ್ಟು ಕೊಟ್ಟರೆ ಜೀವ ಹೋಗುತ್ತದೆ ಎಂಬ ಲೆಕ್ಕ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾತ್ರೆ ನುಂಗುವ ಮೊದಲು ಅದರ ಹೆಸರನ್ನು ನಾಲ್ಕು ಸಲ ಗೂಗಲ್ ಮಾಡಿದ ನನಗೆ ಇದನ್ನು ಓದಿ ನಾಚಿಕೆಯಾಯಿತು. ವೆಲ್ಸ್ ಎದ್ದ, ನೋವಾಗಿರಲಿಲ್ಲ. ಮುಂದಿನ ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಜನರ ಹಲ್ಲು ಹಾಗೆಯೇ ಕಿತ್ತ. ಪೇಟೆಂಟ್ ತೆಗೆದುಕೊಳ್ಳಲಿಲ್ಲ.

1845ರ ಜನವರಿಯಲ್ಲಿ ಬಾಸ್ಟನ್‌ಗೆ ಹೋದ. ಹೆಸರಾಂತ ಸರ್ಜನ್ ಜಾನ್ ಕಾಲಿನ್ಸ್ ವಾರನ್ ಅವಕಾಶ ಕೊಟ್ಟರು. ನೋಡಲು ಬಂದಿದ್ದವರಲ್ಲಿ ಮೆಡಿಕಲ್ ವಿದ್ಯಾರ್ಥಿಗಳೇ ಹೆಚ್ಚು. ವೆಲ್ಸ್ ಅನಿಲದ ಚೀಲವನ್ನು ಬೇಗ ತೆಗೆದುಬಿಟ್ಟ. ಹಲ್ಲು ಎಳೆಯುವಾಗ ರೋಗಿ ಕಿರುಚಿದ. ಹಾಲ್ ತುಂಬ ಗೇಲಿ, ಮೋಸ ಎಂಬ ಕೂಗು. ಅಷ್ಟೇನೂ ನೋಯಲಿಲ್ಲ ಎಂದು ಆ ರೋಗಿ ಆಮೇಲೆ ಹೇಳಿದನಂತೆ. ಆದರೆ ಕೇಳುವವರು ಯಾರು? ಮಿನಿ ಪ್ರಾಜೆಕ್ಟ್ ಡೆಮೊ ದಿನ ಎಕ್ಸ್‌ಟರ್ನಲ್ ಎದುರಿಗೇ ಸೆನ್ಸರ್ ಕೈಕೊಟ್ಟ ಅನುಭವ ಇದ್ದವರಿಗೆ ಆ ಮೌನ ಗೊತ್ತಿರುತ್ತದೆ. ಹಿಂದಿನ ರಾತ್ರಿ ಹತ್ತು ಸಲ ಸರಿಯಾಗಿ ಓಡಿತ್ತು ಎಂದರೆ ಯಾರೂ ನಂಬುವುದಿಲ್ಲ.

ನೈಟ್ರಸ್ ಆಕ್ಸೈಡ್ ದುರ್ಬಲ ಅನಿಲ. ಅದೊಂದರಿಂದಲೇ ಪ್ರಜ್ಞೆ ತಪ್ಪಿಸಲು ಹೊರಟರೆ ಆಮ್ಲಜನಕ ಕಡಿಮೆಯಾಗಿ ಅಪಾಯವೂ ಹತ್ತಿರ ಬರುತ್ತದೆ. ಇವತ್ತಿನ ಹಲ್ಲಿನ ಕ್ಲಿನಿಕ್ಕಿನ ಯಂತ್ರಗಳು ಕನಿಷ್ಠ ಶೇ 30ರಷ್ಟು ಆಮ್ಲಜನಕ ಬೆರೆಸಿಯೇ ಅದನ್ನು ಕೊಡುತ್ತವೆ. ಪ್ರಜ್ಞೆ ತಪ್ಪಿಸುವುದಕ್ಕಲ್ಲ, ನನ್ನ ಮಾತ್ರೆಯ ಹಾಗೆ ಭಯ ಇಳಿಸುವುದಕ್ಕೆ. ವೆಲ್ಸ್‌ಗೆ ಇದ್ದದ್ದು ಒಂದು ಚೀಲ ಮತ್ತು ಅಂದಾಜು.

ಅಲ್ಲಿಂದ ಆತ ಚೇತರಿಸಿಕೊಳ್ಳಲಿಲ್ಲ. ವೃತ್ತಿ ಬಿಟ್ಟ, ಮತ್ತೆ ಹಿಡಿದ, ಕೆನರಿ ಹಕ್ಕಿ ಮಾರಿದ, ಸ್ನಾನದ ಶವರ್ ಒಂದಕ್ಕೆ ಪೇಟೆಂಟ್ ಪಡೆದ. 1846ರ ಅಕ್ಟೋಬರ್ 16ರಂದು ಅದೇ ಬಾಸ್ಟನ್‌ನಲ್ಲಿ, ಅದೇ ವಾರನ್ ಎದುರು, ಈಥರ್ ಬಳಸಿ ಗೆದ್ದದ್ದು ವೆಲ್ಸ್‌ನ ಹಳೆಯ ಶಿಷ್ಯ ವಿಲಿಯಂ ಮಾರ್ಟನ್. ಹೆಸರು, ಕೀರ್ತಿ ಎಲ್ಲ ಆ ಕಡೆ ಹೋಯಿತು.

1848ರ ಜನವರಿಯಲ್ಲಿ ವೆಲ್ಸ್ ನ್ಯೂಯಾರ್ಕ್‌ನಲ್ಲಿದ್ದ. ಕ್ಲೋರೋಫಾರ್ಮನ್ನು ತನ್ನ ಮೇಲೆಯೇ ಪ್ರಯೋಗಿಸುತ್ತ ಬುದ್ಧಿಯ ಹಿಡಿತ ತಪ್ಪಿತು. ತನ್ನ 33ನೇ ಹುಟ್ಟುಹಬ್ಬದ ದಿನ ಬೀದಿಗಿಳಿದು ಹೆಂಗಸರ ಮೇಲೆ ಆಮ್ಲ ಎರಚಿದ. ಇದನ್ನು ಮುಚ್ಚಿಟ್ಟು ಅವನ ಕಥೆ ಹೇಳುವುದು ನನಗೆ ಸರಿ ಕಾಣಲಿಲ್ಲ. ಜನರ ನೋವು ತಪ್ಪಿಸಲು ಹೊರಟವನೇ ಹಾಗೆ ಮಾಡಿದ. ಜೈಲಿನಲ್ಲಿ ಅಮಲು ಇಳಿದಾಗ ಮಾಡಿದ್ದೇನೆಂದು ತಿಳಿಯಿತು. ಜನವರಿ 24ರಂದು ಅಲ್ಲೇ ಜೀವ ಕಳೆದುಕೊಂಡ. ಊರಿನಲ್ಲಿ ಹೆಂಡತಿ ಎಲಿಜಬೆತ್, ಚಿಕ್ಕ ಮಗ ಚಾರ್ಲ್ಸ್ ಇದ್ದರು. ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡುವ ವಿಧಾನ ಮೊದಲು ಕಂಡುಹಿಡಿದವನು ವೆಲ್ಸ್ ಎಂದು ಪ್ಯಾರಿಸ್‌ನ ವೈದ್ಯರ ಸಂಘ ಒಪ್ಪಿಕೊಂಡ ಸುದ್ದಿ ತಲುಪುವಷ್ಟರಲ್ಲಿ ಆತ ಇರಲಿಲ್ಲ.

1863ರಿಂದ ಅದೇ ಕೋಲ್ಟನ್ ನಗೆ ಅನಿಲವನ್ನು ಮತ್ತೆ ಹಲ್ಲಿನ ಚಿಕಿತ್ಸೆಗೆ ತಂದು, ಸಾವಿರಾರು ಜನರಿಗೆ ಕೊಟ್ಟು ತೋರಿಸಿದ. 1864ರಲ್ಲಿ ಅಮೆರಿಕದ ದಂತವೈದ್ಯರ ಸಂಘ ವೆಲ್ಸ್‌ನ ಹೆಸರನ್ನು ಒಪ್ಪಿತು. ಈಗ ಹಾರ್ಟ್‌ಫರ್ಡ್‌ನ ಬುಶ್ನೆಲ್ ಪಾರ್ಕ್‌ನಲ್ಲಿ ಆತನ ಕಂಚಿನ ಪ್ರತಿಮೆ ಇದೆ.

ನನ್ನ ಎಡಗಡೆಯ ಬುದ್ಧಿಹಲ್ಲು ಇನ್ನೂ ಬಾಕಿ. ಮುಂದಿನ ತಿಂಗಳು ಅಪಾಯಿಂಟ್‌ಮೆಂಟ್ ಇದೆ. ಈ ಸಲ ಮಾತ್ರೆ ಬೇಕೋ ಬೇಡವೋ ಎಂದು ಮೇಡಂ ನನ್ನನ್ನೇ ಕೇಳಿದ್ದಾರೆ. ಬೇಕು ಎಂದೇ ಹೇಳಿದ್ದೇನೆ.