ಪಕ್ಷಿಲೋಕದ ಸಲೀಂ ಅಲಿ

ಭಾದ್ರಪದ ಕಳೆದು ಆಶ್ವಯುಜ ಕಾಲಿಡುವ ಹೊತ್ತಿಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಗೆ ಹೊಸ ಅತಿಥಿಗಳು ಬರತೊಡಗುತ್ತಾರೆ. ದೂರದ ಉತ್ತರದಿಂದ ಬಂದಿಳಿದ ಬೂದು ಸಿಪಿಲೆ ತೋಟದ ಕಾಲುವೆಯ ಅಂಚಿನಲ್ಲಿ ಬಾಲ ಕುಣಿಸುತ್ತ ನಡೆಯುತ್ತದೆ. ಬಾವಿಯ ಮೇಲೆ ಬಾಗಿದ ಗರಿಗಳಲ್ಲಿ ಗೀಜಗನ ಗೂಡುಗಳು ತೂಗಾಡುತ್ತಿರುತ್ತವೆ. ಶನಿವಾರ, ಭಾನುವಾರಗಳಂದು ತೋಟಕ್ಕೆ ಹೋದ ಮಕ್ಕಳು ಅವುಗಳಲ್ಲಿ ಕೆಲವು ಅರ್ಧಕ್ಕೇ ನಿಂತುಹೋಗಿರುವುದನ್ನು ಕಂಡಿರಬಹುದು. ಹೀಗೇಕೆ ಎಂದು ಕೇಳುವವರು ವಿರಳ. ಹಾಗೆ ಕೇಳಿ, ತಿಂಗಳುಗಟ್ಟಲೆ ಕಾದು ಕುಳಿತು ಉತ್ತರ ಕಂಡುಕೊಂಡವರು ಸಲೀಂ ಅಲಿ.

ಅವರು ಹುಟ್ಟಿದ್ದು ಮುಂಬಯಿಯಲ್ಲಿ, 1896ರ ನವೆಂಬರ್ 12ರಂದು. ಮನೆಯ ಮಕ್ಕಳಲ್ಲಿ ಕೊನೆಯವರು. ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಆಶ್ರಯದಲ್ಲಿ ಬೆಳೆದರು. ಆಟದ ಬಂದೂಕಿನಿಂದ ಒಂದು ದಿನ ಅವರು ಹೊಡೆದುರುಳಿಸಿದ ಗುಬ್ಬಿಯ ಕೊರಳಿನಲ್ಲಿ ಹಳದಿಯ ಬೊಟ್ಟಿತ್ತು. ಇದು ಯಾವ ಗುಬ್ಬಿ? ಹುಡುಗ ಅದನ್ನು ಹಿಡಿದುಕೊಂಡು ಮುಂಬಯಿ ನಿಸರ್ಗ ಚರಿತ್ರೆಯ ಸಂಘದ ಕಾರ್ಯದರ್ಶಿ ಮಿಲಾರ್ಡ್ ಎಂಬವರ ಎದುರು ಅಳುಕುತ್ತ ನಿಂತನು. ಮಿಲಾರ್ಡರು ಗದರಿಸಲಿಲ್ಲ, ಹಕ್ಕಿಯನ್ನು ಗುರುತಿಸಿದ್ದಲ್ಲದೆ, ಸಂಘದಲ್ಲಿ ಜೋಡಿಸಿಟ್ಟಿದ್ದ ಹಕ್ಕಿಗಳ ಸಂಗ್ರಹವನ್ನೂ ತೆರೆದು ತೋರಿಸಿದರು. ಬಾಲಕನ ಬಾಳಿನ ದಾರಿ ಅಲ್ಲಿಯೇ ತಿರುಗಿತು.

ಆದರೆ ಆ ದಾರಿ ಸುಗಮವಾಗಿರಲಿಲ್ಲ. ಬರ್ಮಾದಲ್ಲಿ ಮನೆತನದ ಗಣಿ ಹಾಗೂ ಮರದ ವ್ಯವಹಾರವನ್ನು ನೋಡಿಕೊಳ್ಳಲು ಹೋದ ಸಲೀಮರಿಗೆ ಅಲ್ಲಿಯ ಕಾಡಿನ ಹಕ್ಕಿಗಳು ಒಲಿದವೇ ಹೊರತು ವ್ಯವಹಾರ ಒಲಿಯಲಿಲ್ಲ. ಪದವಿಯಿಲ್ಲವೆಂಬ ಕಾರಣದಿಂದ ಪಕ್ಷಿತಜ್ಞನ ಸರಕಾರಿ ಹುದ್ದೆ ಕೈತಪ್ಪಿತು. ವಸ್ತುಸಂಗ್ರಹಾಲಯವೊಂದರಲ್ಲಿ ದೊರೆತ ಕೆಲಸದಿಂದ ರಜೆ ಪಡೆದು ಬರ್ಲಿನ್ನಿಗೆ ಹೋಗಿ, ಪ್ರಸಿದ್ಧ ವಿಜ್ಞಾನಿ ಸ್ಟ್ರೆಸೆಮಾನ್ನರ ಬಳಿ ಕಲಿತರು. 1930ರಲ್ಲಿ ಹಿಂದಿರುಗಿ ನೋಡಿದರೆ, ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು!

ನಿರುದ್ಯೋಗಿಯಾದ ಸಲೀಮರು ಪತ್ನಿ ತೆಹಮೀನಾರೊಡನೆ ಕಿಹೀಮ್ ಎಂಬ ಕಡಲತೀರದ ಹಳ್ಳಿಯನ್ನು ಸೇರಿದರು. ಮನೆಯ ಸಮೀಪದಲ್ಲೇ ಗೀಜಗಗಳ ದೊಡ್ಡ ಬಿಡಾರವಿತ್ತು. ಬೇರೆಯವರಾಗಿದ್ದರೆ ಹಣೆಬರಹವನ್ನು ಹಳಿಯುತ್ತ ಕುಳಿತಿರುತ್ತಿದ್ದರೇನೋ. ಇವರು ಆ ಮಳೆಗಾಲವನ್ನೆಲ್ಲ ಗೀಜಗಗಳಿಗೆ ಮೀಸಲಿಟ್ಟರು. ಹುಲ್ಲು, ಗರಿಗಳ ಎಳೆಗಳನ್ನು ಸೀಳಿ ತಂದು ಗೂಡು ಹೆಣೆಯುವುದು ಗಂಡುಹಕ್ಕಿ. ಗೂಡು ಅರ್ಧವಾದಾಗ ಹೆಣ್ಣುಹಕ್ಕಿಗಳು ಬಂದು ಒಳಹೊಕ್ಕು ಪರೀಕ್ಷಿಸುತ್ತವೆ. ಒಪ್ಪಿಗೆಯಾದರೆ ಗಂಡು ಗೂಡನ್ನು ಪೂರ್ಣಗೊಳಿಸುತ್ತದೆ. ಮೊಟ್ಟೆಗೆ ಕಾವು ಕೊಡುವ ಹೊಣೆಯನ್ನು ಹೆಣ್ಣಿಗೇ ಬಿಟ್ಟು ತಾನು ಇನ್ನೊಂದು ಗೂಡಿಗೆ ಕೈಹಾಕುತ್ತದೆ. ಯಾವ ಹೆಣ್ಣೂ ಒಪ್ಪದ ಗೂಡು ಅರ್ಧಕ್ಕೇ ನಿಲ್ಲುತ್ತದೆ. ಅದುವರೆಗೆ ಯಾರೂ ಇಷ್ಟು ಸ್ಪಷ್ಟವಾಗಿ ತಿಳಿಸದಿದ್ದ ಈ ಸಂಗತಿಗಳು ಸಲೀಮರ ಹೆಸರನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದವು.

ಅನಂತರ ಅವರು ದೇಶೀಯ ಸಂಸ್ಥಾನಗಳ ಪಕ್ಷಿಗಳ ಸಮೀಕ್ಷೆಗೆ ಹೊರಟರು. ಸಂಭಾವನೆ ಬೇಡ, ಬಿಡಾರದ ವೆಚ್ಚವಷ್ಟೇ ಸಾಕೆಂಬುದು ಅವರ ಷರತ್ತು. ಹೈದರಾಬಾದು, ತಿರುವಾಂಕೂರುಗಳ ಕಾಡುಗಳಲ್ಲಿ ತೆಹಮೀನಾ ಜೊತೆಗಿದ್ದರು. 1939ರ ಜುಲೈ ತಿಂಗಳಲ್ಲಿ ಚಿಕ್ಕದೊಂದು ಶಸ್ತ್ರಚಿಕಿತ್ಸೆಯ ಬಳಿಕ ರಕ್ತ ನಂಜೇರಿ ಅವರು ತೀರಿಕೊಂಡರು. ಸಲೀಮರು ಕುಸಿದುಹೋದರು. ಆದರೂ ಕೆಲವೇ ತಿಂಗಳುಗಳಲ್ಲಿ ಒಬ್ಬಂಟಿಯಾಗಿ ಮೈಸೂರು ಸಂಸ್ಥಾನದ ಸಮೀಕ್ಷೆಯನ್ನು ಕೈಗೆತ್ತಿಕೊಂಡರು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ತಪ್ಪಲಿನಲ್ಲಿರುವ ನಾಮದ ಚಿಲುಮೆಯ ಅರಣ್ಯಗೃಹದಲ್ಲಿ ಅವರು ತಂಗಿದ್ದುದು ಆ ಸಂದರ್ಭದಲ್ಲಿಯೇ. ಶ್ರೀರಾಮನ ಬಾಣ ತಗುಲಿ ಬಂಡೆಯಿಂದ ನೀರು ಚಿಮ್ಮಿತೆಂದು ಜನ ನಂಬುವ ತಾಣವದು. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ಕಾಣದ ಹಳದಿ ಕೊರಳಿನ ಪಿಕಳಾರ ಇಂದಿಗೂ ಆ ಬೆಟ್ಟಗಳಲ್ಲಿದೆ.

ಆ ಕಾಲದ ಪಕ್ಷಿಶಾಸ್ತ್ರಜ್ಞರು ಹಕ್ಕಿಗಳನ್ನು ಹೊಡೆದು, ಚರ್ಮವನ್ನು ಸುಲಿದು ಸಂಗ್ರಹಿಸುತ್ತಿದ್ದರು. ಸಲೀಮರೂ ಇದಕ್ಕೆ ಹೊರತಲ್ಲ. ಇಂದು ದುರ್ಬೀನು, ಕ್ಯಾಮರಾಗಳಿಂದ ನೋಡುವವರಿಗೆ ಇದು ಕ್ರೂರವೆನಿಸೀತು. ಆದರೆ ಹಕ್ಕಿಗಳ ರಕ್ಷಣೆಗೆ ಮೊದಲಾಗಿ ದನಿಯೆತ್ತಿದವರಲ್ಲಿಯೂ ಅವರು ಒಬ್ಬರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡುಕಟ್ಟುವುದನ್ನು ಕಂಡು, ಆ ತಾಣವನ್ನು ಕಾಪಾಡಬೇಕೆಂದು ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

1941ರಲ್ಲಿ ಅವರ ಭಾರತದ ಹಕ್ಕಿಗಳ ಪುಸ್ತಕ ಹೊರಬಂದು ಮನೆಮಾತಾಯಿತು. ಅಮೆರಿಕದ ಡಿಲನ್ ರಿಪ್ಲೆಯವರೊಡನೆ ಬರೆದ ಕೈಪಿಡಿ 1968ರಿಂದ 1974ರವರೆಗೆ ಹತ್ತು ಸಂಪುಟಗಳಲ್ಲಿ ಪ್ರಕಟವಾಯಿತು. ಪದವಿಯಿಲ್ಲವೆಂದು ಒಮ್ಮೆ ಕೆಲಸ ಸಿಗದವರಿಗೆ 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. 1985ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದಾಗ, ಬಾಲ್ಯದಲ್ಲಿ ತಾವು ಹೊಡೆದುರುಳಿಸಿದ ಆ ಗುಬ್ಬಿಯ ಹೆಸರನ್ನೇ ಅದಕ್ಕಿಟ್ಟರು. 1987ರ ಜೂನ್ 20ರಂದು ಮುಂಬಯಿಯಲ್ಲಿ ಅವರು ತೀರಿಕೊಂಡರು.